ಕರುವು ತಾನಾಗಿ ಹೊರಟು ಬಂತೋ?

(ವಿಮೋಚನಕಾಂಡ 32ನೆಯ ಅಧ್ಯಾಯವನ್ನು ಮೊದಲು ಓದಿಕೊಳ್ಳಿರಿ.)



ಮೋಶೆಯು ಬೆಟ್ಟದಿಂದ ಇಳಿದು ಬಂದು, ಪಾಳೆಯದ ನಡುವೆ ಬಂಗಾರದ ಕರುವನ್ನೂ ಅದರ ಮುಂದೆ ಕುಣಿಯುತ್ತಿದ್ದ ಜನರನ್ನೂ ಕಂಡಾಗ, ತನ್ನ ಅಣ್ಣನಾದ ಆರೋನನನ್ನು ಕರೆದು ಲೆಕ್ಕ ಕೇಳಿದನು. ಆರೋನನು ಕೊಟ್ಟ ಉತ್ತರದಲ್ಲಿ ಎರಡು ನೆವಗಳುಂಟು. ಈ ಜನರು ಎಂಥವರೆಂದು ನಿನಗೆ ಗೊತ್ತೇ ಉಂಟು ಎಂಬದು ಮೊದಲನೆಯದು. ತಾನು ಬಂಗಾರವನ್ನು ಬೆಂಕಿಯಲ್ಲಿ ಹಾಕಿದ್ದಷ್ಟೇ, ಕರುವು ಹೊರಟು ಬಂತು ಎಂಬದು ಎರಡನೆಯದು. ಆದರೆ ಉಳಿಯನ್ನು ಹಿಡಿದು ಅದನ್ನು ರೂಪಿಸಿದವನು ಯಾರೆಂದು ಅದೇ ಅಧ್ಯಾಯದ ಮೇಲ್ಭಾಗದಲ್ಲಿ ಸ್ಪಷ್ಟವಾಗಿ ಬರೆದಿದೆ. ಆ ಉಳಿಯ ಮಾತನ್ನು ಆರೋನನು ತಮ್ಮನಿಗೆ ಹೇಳಲಿಲ್ಲ. ತಪ್ಪಿನಲ್ಲಿ ಅರ್ಧವನ್ನು ಜನರ ಮೇಲೆಯೂ ಉಳಿದರ್ಧವನ್ನು ಬೆಂಕಿಯ ಮೇಲೆಯೂ ಹಾಕಿ ತಾನು ನಡುವಿನಿಂದ ಜಾರಿಕೊಂಡನು.

ಇಂಥ ಬೆಂಕಿಯು ಈಗ ನಮ್ಮಲ್ಲಿ ಒಬ್ಬೊಬ್ಬರ ಜೇಬಿನಲ್ಲಿಯೂ ಸೆರಗಿನ ಗಂಟಿನಲ್ಲಿಯೂ ಇರುತ್ತದೆ. ಫೋನಿನ ವಾಟ್ಸಾಪಿನಲ್ಲಿ ಒಂದು ಸುದ್ದಿಯು ಬರುತ್ತದೆ, ಅರ್ಧ ಓದುತ್ತೇವೆ, ಬೆರಳಿನಿಂದ ಒತ್ತಿ ಹತ್ತು ಮಂದಿಗೆ ಕಳುಹಿಸುತ್ತೇವೆ. ಅದರಿಂದ ಎಲ್ಲಿಯಾದರೂ ಕೇಡು ಹುಟ್ಟಿತೆಂದರೆ, ನನಗೆ ಬಂತು, ನಾನು ಕಳುಹಿಸಿದೆ, ಅಷ್ಟೇ ಎನ್ನುತ್ತೇವೆ. ಕಂಪೆನಿಯವರು ಅದನ್ನು ತಡೆಯಬೇಕಾಗಿತ್ತು ಎಂತಲೂ, ಸರಕಾರದವರು ನಿದ್ರೆ ಮಾಡುತ್ತಿದ್ದರೋ ಎಂತಲೂ ಕೇಳುತ್ತೇವೆ. ಈ ಪ್ರಶ್ನೆಗಳು ಸುಳ್ಳಾದವುಗಳಲ್ಲ. ಆದರೆ ಅವುಗಳನ್ನು ಕೇಳುವಾಗ ನಮ್ಮ ಕೈಯಲ್ಲಿದ್ದ ಉಳಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿರುತ್ತೇವಲ್ಲವೋ?

2018ನೆಯ ಇಸವಿಯಲ್ಲಿ ನಮ್ಮ ದೇಶದಲ್ಲಿ ನಡೆದದ್ದನ್ನು ಮರೆಯಬಾರದು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಗಾಳಿಮಾತು ಆ ವರುಷ ಫೋನುಗಳ ಮೂಲಕ ಸೀಮೆಯಿಂದ ಸೀಮೆಗೆ ಹಬ್ಬಿತು. ಅದರೊಡನೆ ಒಂದು ಚಲನಚಿತ್ರದ ತುಂಡೂ ತಿರುಗುತ್ತಿತ್ತು. ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವದು ಅದರಲ್ಲಿ ಕಾಣುತ್ತದೆ. ನೋಡಿದ ತಾಯಂದಿರ ಹೊಟ್ಟೆಯು ಉರಿಯದೆ ಇದ್ದೀತೇ? ಆದರೆ ಆ ಚಿತ್ರವು ಪಾಕಿಸ್ತಾನದ ಕರಾಚಿ ಪಟ್ಟಣದಲ್ಲಿ, ಮಕ್ಕಳನ್ನು ಜೋಪಾನವಾಗಿ ನೋಡಿಕೊಳ್ಳಿರೆಂದು ಎಚ್ಚರಿಸುವದಕ್ಕಾಗಿಯೇ ಮಾಡಲ್ಪಟ್ಟದ್ದು. ಅದರ ಕೊನೆಯಲ್ಲಿ ಆ ಇಬ್ಬರೂ ಮಗುವನ್ನು ಹಿಂದಕ್ಕೆ ತಂದು ಬಿಟ್ಟು, ಎಚ್ಚರಿಕೆಯ ಮಾತು ಬರೆದ ಫಲಕವನ್ನು ಎತ್ತಿ ತೋರಿಸುತ್ತಾರೆ. ಯಾರೋ ಒಬ್ಬನು ಆ ಕೊನೆಯ ಭಾಗವನ್ನು ಕತ್ತರಿಸಿ ಬಿಟ್ಟನು. ಫೋನು ತಾನಾಗಿ ಅದನ್ನು ಕತ್ತರಿಸಲಿಲ್ಲ.

ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕುತ್ತಾ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಜನರು ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯಲ್ಲಿ, ಊರೂರು ತಿರುಗಿ ಭಿಕ್ಷೆ ಬೇಡಿ ಜೀವಿಸುವ ಐದು ಮಂದಿ ಸತ್ತರು. ಅದೇ ತಿಂಗಳು 13ರಂದು ನಮ್ಮ ಬೀದರ ಜಿಲ್ಲೆಯ ಔರಾದ ತಾಲೂಕಿನಲ್ಲಿ, ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಸ್ನೇಹಿತರು ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚಿದರು. ಅಷ್ಟೇ ಅವರ ಅಪರಾಧ. ಊರವರು ಸಂಶಯಪಟ್ಟು ಮುತ್ತಿಕೊಂಡಾಗ ಅವರು ಕಾರನ್ನು ಏರಿ ಓಡಿದರು. ಆದರೆ ಕಾರಿಗಿಂತ ಸುದ್ದಿಯು ಮುಂದಾಗಿ ಓಡಿತು. ಮುರ್ಕಿ ಎಂಬ ಹಳ್ಳಿಯಲ್ಲಿ ದಾರಿಗೆ ಅಡ್ಡಿಯನ್ನು ಮಾಡಿ ಜನರು ಕಾದಿದ್ದರು. ಅವರಲ್ಲಿ ಒಬ್ಬನು, ಕಂಪ್ಯೂಟರಿನ ಕೆಲಸ ಕಲಿತು ಸಂಸಾರ ನಡಿಸುತ್ತಿದ್ದವನು, ಅಲ್ಲಿಯೇ ಪ್ರಾಣ ಬಿಟ್ಟನು. ಅವರನ್ನು ಉಳಿಸುವದಕ್ಕೆ ನಡುವೆ ಹೊಕ್ಕ ಪೊಲೀಸರಿಗೂ ಪೆಟ್ಟುಗಳು ಬಿದ್ದವು. ಆಮೇಲೆ ಹಿಡಿಯಲ್ಪಟ್ಟವರಲ್ಲಿ ಕಲ್ಲೆತ್ತಿದವರು ಮಾತ್ರವಲ್ಲ, ಸುದ್ದಿಯು ಹರಡಿದ ಆ ವಾಟ್ಸಾಪ್ ಗುಂಪಿನ ಯಜಮಾನನೂ ಇದ್ದನು.

ಇದು ಬೇರೆ ಊರಿನವರ ಪಾಪವೆಂದು ಓದಿ ಪತ್ರಿಕೆಯನ್ನು ಮಡಿಚಿಡಬೇಡಿರಿ. ನಾವು ಬರೆಯುವದಕ್ಕೆ ಕಾರಣವೇ ಬೇರೆ. ಆ ವರುಷದ ಜೂನ್ ತಿಂಗಳಲ್ಲಿ ಅದೇ ಸುದ್ದಿಯು ನಮ್ಮ ಫೋನಿಗೂ ಬಂತು. ಸಭೆಯ ಮಕ್ಕಳ ಮೇಲಿನ ಪ್ರೀತಿಯಿಂದಲೇ, ಹೌದು, ಪ್ರೀತಿಯಿಂದಲೇ, ಅದನ್ನು ಹನ್ನೊಂದು ಮಂದಿಗೆ ಕಳುಹಿಸಿದೆವು. ಜಾಗ್ರತೆಯಾಗಿರಿ ಎಂದು ಕೆಳಗೆ ಒಂದು ಸಾಲನ್ನೂ ಸೇರಿಸಿದೆವು. ರಾತ್ರಿ ಪ್ರಾರ್ಥನೆ ಮಾಡಿ ನೆಮ್ಮದಿಯಾಗಿ ಮಲಗಿದೆವು.

ನಮ್ಮ ಹಳ್ಳಿಗೆ ತಿಂಗಳಿಗೊಂದಾವರ್ತಿ ಬರುವ ಒಬ್ಬ ಮುದುಕಿಯುಂಟು. ಹೆಂಗಸರು ತಲೆ ಬಾಚಿ ಸುತ್ತಿಟ್ಟ ಕೂದಲನ್ನು ಕೊಂಡು ಬದಲಾಗಿ ಪಿನ್ನು, ದಬ್ಬಳ, ಚಿಕ್ಕ ಸ್ಟೀಲಿನ ಬಟ್ಟಲು ಕೊಡುವವಳು. ಹೆಗಲಿಗೆ ದೊಡ್ಡ ಚೀಲವಿರುತ್ತದೆ. ಮೂರನೆಯ ದಿನ ಬೆಳಿಗ್ಗೆ ಅವಳು ಬಂದಾಗ ಅರಳಿಕಟ್ಟೆಯ ಬಳಿ ಹುಡುಗರು ಅವಳನ್ನು ಸುತ್ತಿಕೊಂಡರು. ಚೀಲವನ್ನು ಬಿಚ್ಚೆಂದು ಒಬ್ಬನು ಎಳೆದನು. ಇನ್ನೊಬ್ಬನು ಅವಳ ಚಿತ್ರವನ್ನು ತೆಗೆಯುತ್ತಿದ್ದನು. ನಾವು ಕೂಗು ಕೇಳಿ ಹೋಗುವಷ್ಟರಲ್ಲಿ ನಮ್ಮ ಸಭೆಯ ಒಬ್ಬ ವಿಧವೆಯು ಗುಂಪಿನೊಳಗೆ ನುಗ್ಗಿ ಆ ಮುದುಕಿಯ ಕೈ ಹಿಡಿದುಕೊಂಡಿದ್ದಳು. ಇವಳು ಹನ್ನೆರಡು ವರುಷದಿಂದ ನನ್ನ ಜಗಲಿಯ ಮೇಲೆ ಕೂತು ನೀರು ಕುಡಿದು ಹೋಗುವವಳು, ಇವಳ ಚೀಲ ಹುಡುಕುವದಾದರೆ ಮೊದಲು ನನ್ನ ಮನೆಯನ್ನು ಹುಡುಕಿರಿ ಎಂದು ಹೇಳುತ್ತಿದ್ದಳು. ನಾವು ಹುಡುಗರನ್ನು ಗದರಿಸಿದೆವು. ಆಗ ಅವರಲ್ಲಿ ಒಬ್ಬನು, ನಾವೇ ದೀಕ್ಷಾಸ್ನಾನ ಮಾಡಿಸಿದ ಹುಡುಗನು, ಫೋನನ್ನು ನಮ್ಮ ಮುಖದ ಮುಂದೆ ಹಿಡಿದು, “ಅಯ್ಯನವರೇ, ನೀವೇ ಕಳಿಸಿದ್ದಲ್ಲವೇ?” ಎಂದನು.

ಅದಕ್ಕೆ ಹೇಳಲಿಕ್ಕೆ ನಮ್ಮಲ್ಲಿ ಮಾತಿರಲಿಲ್ಲ. ನಮಗೂ ಬೇರೆಯವರಿಂದ ಬಂತು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತೆಂಬದು ನಿಜ. ಆರೋನನ ನೆವವನ್ನು ಇಪ್ಪತ್ತು ವರುಷ ಪೀಠದಿಂದ ಖಂಡಿಸಿದ ನಾಲಿಗೆಯದು.

ಆ ವಿಧವೆಯ ಫೋನಿಗೂ ಅದೇ ಸುದ್ದಿಯು ಬಂದಿತ್ತೆಂದು ಆಮೇಲೆ ತಿಳಿಯಿತು. ನೀನು ಯಾಕಮ್ಮಾ ಯಾರಿಗೂ ಕಳುಹಿಸಲಿಲ್ಲ ಎಂದು ಕೇಳಿದೆವು. ಯಾರ ಮನೆಯ ಕೂಸು, ಯಾವ ಊರು, ಯಾವಾಗ ಎಂದು ಅದರಲ್ಲಿ ಬರೆದಿರಲಿಲ್ಲ, ಅಯ್ಯನವರೇ, ಎಂದಳು. ಅವಳು ಓದಿದ್ದು ನಾಲ್ಕನೆಯ ಇಯತ್ತೆಯ ವರೆಗೆ.

ಈಗ ಹೊರಗಿನ ಕಟ್ಟುಪಾಡುಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ಯಾಕಂದರೆ ಎಲ್ಲಾ ಭಾರವನ್ನು ಬಡ ಓದುಗನ ಬೆರಳಿನ ಮೇಲೆ ಹಾಕಿ ಕಂಪೆನಿಯವರನ್ನು ಬಿಟ್ಟು ಬಿಡುವದು ನ್ಯಾಯವಲ್ಲ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಅಡ್ಡಗೋಡೆಯನ್ನು ಹಾಕಬೇಕೆಂದು ಕಟ್ಟಳೆಯುಂಟು. ಹಾಕದೆ ಇದ್ದರೆ, ಬಿದ್ದವನ ರಕ್ತದ ಅಪರಾಧವು ಮನೆಯವನದು. ಬಿದ್ದವನು ಕಣ್ಣು ತೆರೆದು ನಡೆಯಬೇಕಾಗಿತ್ತೆಂದು ಅವನು ವಾದಿಸುವಂತಿಲ್ಲ. ಹಾಯುವ ಎತ್ತಿನ ವಿಷಯದಲ್ಲಿಯೂ ಹಾಗೆಯೇ (ವಿಮೋಚನಕಾಂಡ 21). ಎತ್ತು ಮೊದಲ ಸಾರಿ ಹಾಯ್ದು ಕೊಂದರೆ ಯಜಮಾನನು ನಿರಪರಾಧಿ. ಅದು ಹಾಯುವದೆಂದು ಜನರು ಮುಂಚೆ ಎಚ್ಚರಿಸಿದ ಮೇಲೂ ಕಟ್ಟಿ ಹಾಕದೆ ಹೋದರೆ ಅವನು ಅಪರಾಧಿ. ಎಷ್ಟು ಸೂಕ್ಷ್ಮವಾದ ನ್ಯಾಯವಿದು! ಯಂತ್ರಗಳನ್ನು ಮಾಡಿ ಮಾರುವವರು ಈ ಎರಡು ಕಟ್ಟಳೆಗಳನ್ನು ತಮ್ಮ ಕಚೇರಿಯ ಗೋಡೆಯ ಮೇಲೆ ಬರೆಸಿಕೊಂಡರೆ ನಷ್ಟವಾಗಲಿಕ್ಕಿಲ್ಲ.

ಆ ಎತ್ತನ್ನು ಅಂತೂ ಸ್ವಲ್ಪ ಕಟ್ಟಿದರು. ಸಾವುಗಳಾದ ಮೇಲೆ 2018ರ ಜುಲೈಯಲ್ಲಿ, ಬೇರೆಯವರಿಂದ ಬಂದದ್ದನ್ನು ಮುಂದಕ್ಕೆ ಕಳುಹಿಸಿದರೆ ಅದರ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತು ಕಾಣುವಂತೆ ಕಂಪೆನಿಯು ಏರ್ಪಡಿಸಿತು. ಒಂದು ಸಾರಿಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸಕೂಡದೆಂಬ ಮಿತಿಯನ್ನು ಮೊದಲು ನಮ್ಮ ದೇಶದಲ್ಲಿಯೂ, 2019ರ ಜನವರಿಯಿಂದ ಲೋಕದಲ್ಲೆಲ್ಲಾ ಹಾಕಿತು. ಅದರಿಂದ ಮುಂದಕ್ಕೆ ಕಳುಹಿಸುವದು ನಾಲ್ಕರಲ್ಲೊಂದು ಪಾಲು ಕಡಿಮೆಯಾಯಿತೆಂದು ಕಂಪೆನಿಯೇ ಹೇಳಿತು. ಬಹಳ ಕೈ ದಾಟಿ ಬಂದದ್ದನ್ನು ಒಂದು ಸಾರಿಗೆ ಒಂದೇ ಕಡೆಗೆ ಎಂಬ ನೇಮವು 2020ರ ಏಪ್ರಿಲಿನಲ್ಲಿ ಬಂತು. ಸುಪ್ರೀಮ್ ಕೋರ್ಟು 2018ರ ಜುಲೈ 17ರಂದು, ಇಂಥ ಗುಂಪು ಕೊಲೆಗಳನ್ನು ತಡೆಯುವದಕ್ಕೆ ಜಿಲ್ಲೆಗೊಬ್ಬ ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸಬೇಕೆಂದು ರಾಜ್ಯಗಳಿಗೆ ಆಜ್ಞಾಪಿಸಿತು. ಇವೆಲ್ಲಾ ಒಳ್ಳೆಯವೇ. ಇವುಗಳಿಗಾಗಿ ದೇವರಿಗೆ ಸ್ತೋತ್ರ.

ಆದರೂ ಲೆಕ್ಕ ಮಾಡಿ ನೋಡಿರಿ. ಒಬ್ಬನು ಐದು ಮಂದಿಗೆ, ಆ ಐವರಲ್ಲಿ ಒಬ್ಬೊಬ್ಬನು ಐದೈದು ಮಂದಿಗೆ ಕಳುಹಿಸಿದರೆ, ಐದನೆಯ ಸುತ್ತಿನಲ್ಲಿ ಅದು 3,125 ಮಂದಿಯನ್ನೂ ಆರನೆಯ ಸುತ್ತಿನಲ್ಲಿ 15,625 ಮಂದಿಯನ್ನೂ ಮುಟ್ಟುವದು. ಐದು ರೊಟ್ಟಿಗಳು ಐದು ಸಾವಿರ ಜನರಿಗೆ ಸಾಕಾದವೆಂದು ನಾವು ಆಶ್ಚರ್ಯಪಡುತ್ತೇವೆ. ಸುಳ್ಳಿಗೆ ಅದೃಷ್ಟವಶಾತ್ ಅಂಥ ಅದ್ಭುತದ ಅಗತ್ಯವೇ ಇಲ್ಲ. ಇದಲ್ಲದೆ 2016ರಿಂದ ಈ ಪತ್ರಗಳಿಗೆಲ್ಲಾ ಬೀಗ ಹಾಕಲ್ಪಟ್ಟಿದೆ. ಕಳುಹಿಸಿದವನೂ ಹೊಂದಿದವನೂ ಹೊರತು ದಾರಿಯಲ್ಲಿ ಕಂಪೆನಿಯು ಸಹ ಅವುಗಳನ್ನು ಓದಲಾರದು. ನಮ್ಮ ಮನೆಯ ಗುಟ್ಟನ್ನು ಅದು ಕಾಯುತ್ತದೆ, ಅದು ಬೇಕಾದದ್ದೇ. ಆದರೆ ಅದರ ಅರ್ಥವೇನು? ಆ ಬೀಗದೊಳಗೆ ಸುಳ್ಳು ಹೋಗುತ್ತಿದ್ದರೆ ಅದನ್ನು ಕಾಣುವ ಕಣ್ಣುಗಳು ಎರಡೇ ಜೊತೆ; ಅವುಗಳಲ್ಲಿ ಒಂದು ಜೊತೆ ನಿಮ್ಮದು.

ನಮ್ಮ ಸಭೆಯ ಕೆಲವು ಹಿರಿಯರು, ಇದಕ್ಕೆಲ್ಲಾ ಸರಕಾರವೇ ಬಾಯಿಕಟ್ಟು ಹಾಕಬೇಕು, ಗದ್ದಲವಾದಲ್ಲೆಲ್ಲಾ ಇಂಟರ್ನೆಟ್ ನಿಲ್ಲಿಸಿ ಬಿಡಬೇಕು ಎನ್ನುತ್ತಾರೆ. ನಾವು ಇದಕ್ಕೆ ಪೂರ್ಣವಾಗಿ ಒಪ್ಪುವದಿಲ್ಲ. ಅದನ್ನು ನಿಲ್ಲಿಸಿದ ದಿನ ಸುಳ್ಳುಗಾರನು ಮಾತ್ರವೇ ಮೂಕನಾಗುವದಿಲ್ಲ. ಆಸ್ಪತ್ರೆಯಲ್ಲಿರುವ ಮಗಳ ಸುದ್ದಿಯನ್ನು ಕಾಯುವ ತಂದೆಯೂ ಕೂಲಿಯ ಹಣಕ್ಕೆ ಕಾದಿರುವವನೂ ಕಷ್ಟಪಡುವರು. ಇದಲ್ಲದೆ ಹೊರಗಿನ ಕಡಿವಾಣಕ್ಕೆ ಮಾತ್ರ ನಿಲ್ಲುವ ಕುದುರೆಯು, ಸವಾರನು ಇಳಿದೊಡನೆ ಪರರ ಹೊಲವನ್ನು ಮೇಯುತ್ತದೆ. ಫೋನು ಇಲ್ಲದ ಕಾಲದಲ್ಲಿಯೂ ಬಾವಿಕಟ್ಟೆಯ ಮೇಲೆ ಕೂತು ಒಂದು ಹೆಣ್ಣಿನ ಮಾನವನ್ನು ಕಳೆದವರನ್ನು ನಾವು ಬಲ್ಲೆವು. ಯಾಕೋಬನು ತನ್ನ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ನಾಲಿಗೆಯನ್ನು ಕಾಡಿಗೆ ಹತ್ತಿದ ಕಿಡಿಗೆ ಹೋಲಿಸಿದಾಗ, ಯಾವ ಕಂಪೆನಿಯೂ ಇರಲಿಲ್ಲ.

ಪಿಲಾತನನ್ನು ಸಹ ಸ್ವಲ್ಪ ನೆನಸಿಕೊಳ್ಳಿರಿ. ಅವನ ಕೈಯಲ್ಲಿ ಅಧಿಕಾರವಿತ್ತು, ಗುಂಪಿನ ಕೈಯಲ್ಲಿ ಕೂಗು ಇತ್ತು. ಅವನು ನೀರು ತರಿಸಿ ಕೈ ತೊಳೆದುಕೊಂಡು ಅಪರಾಧವನ್ನು ಗುಂಪಿಗೆ ಒಪ್ಪಿಸಿದನು. ಗುಂಪಿನಲ್ಲಿದ್ದ ಒಬ್ಬೊಬ್ಬನೂ ಮನೆಗೆ ಹೋಗಿ, ಅಪ್ಪಣೆ ಕೊಟ್ಟವನು ಪಿಲಾತನು ಎಂದುಕೊಂಡಿರಬಹುದು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರೆ, ಸತ್ತವನ ರಕ್ತವು ಯಾರ ಲೆಕ್ಕಕ್ಕೆ? ದೇವರ ಪುಸ್ತಕದಲ್ಲಿ ಅದು ಪಾಲಾಗಿ ಕಡಿಮೆಯಾಗುವದೆಂದು ನಾವು ಎಲ್ಲಿಯೂ ಓದಲಿಲ್ಲ. ಇಬ್ಬರ ಹೆಸರಿನಲ್ಲಿಯೂ ಪೂರ್ತಿಯಾಗಿ ಬರೆಯಲ್ಪಡುವದೆಂದೇ ನಮ್ಮ ಭಯ.

ಆರೋನನ ಕಥೆಯು ಕರುವಿನೊಂದಿಗೆ ಮುಗಿಯಲಿಲ್ಲ, ಪ್ರಿಯರೇ. ಮೋಶೆಯು ಅವನಿಗಾಗಿ ಪ್ರಾರ್ಥಿಸಿದನೆಂದು ಧರ್ಮೋಪದೇಶಕಾಂಡದ 9ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅರಣ್ಯಕಾಂಡದ 16ನೆಯ ಅಧ್ಯಾಯದಲ್ಲಿ, ಪಾಳೆಯದೊಳಗೆ ವ್ಯಾಧಿಯು ಹಬ್ಬುತ್ತಿರುವಾಗ, ಈ ಆರೋನನೇ ಧೂಪಾರತಿಯನ್ನು ಹಿಡಿದು ಓಡಿ ಸತ್ತವರಿಗೂ ಬದುಕಿದ್ದವರಿಗೂ ನಡುವೆ ನಿಂತನು. ಅಲ್ಲಿಗೆ ಅದು ನಿಂತಿತು. ಈ ಸಾರಿಯೂ ಅವನ ಬಳಿಯಲ್ಲಿ ಬೆಂಕಿಯಿತ್ತು. ಆದರೆ ಅದು ಏನೋ ಮಾಡಿತೆಂದು ಹೇಳಲಿಲ್ಲ. ತಾನೇ ಅದನ್ನು ಕೈಯಲ್ಲಿ ಹಿಡಿದಿದ್ದನು. ಅರಳಿಕಟ್ಟೆಯ ಬಳಿ ನಿಂತಿದ್ದ ಆ ವಿಧವೆಯನ್ನು ನೆನಸುವಾಗೆಲ್ಲಾ ಈ ಅಧ್ಯಾಯವು ನಮ್ಮ ಮನಸ್ಸಿಗೆ ಬರುತ್ತದೆ.

ಆ ದಿನ ಸಾಯಂಕಾಲ ನಾವು ಆ ಹನ್ನೊಂದು ಮಂದಿಗೂ, ನಾವು ಕಳುಹಿಸಿದ್ದು ಸುಳ್ಳು, ನೀವು ಯಾರಿಗೆ ಕೊಟ್ಟಿರೋ ಅವರಿಗೆಲ್ಲಾ ತಿಳಿಸಿರಿ ಎಂದು ಬರೆದೆವು. ಏಳು ಮಂದಿ ತಿಳಿಸುತ್ತೇವೆ ಎಂದರು. ಒಬ್ಬನು ಕೈ ಮುಗಿದ ಚಿತ್ರವನ್ನು ಮಾತ್ರ ಕಳುಹಿಸಿದನು. ಮೂವರಿಂದ ಇಂದಿನ ವರೆಗೂ ಉತ್ತರವಿಲ್ಲ. ಮುಂದಿನ ಆದಿತ್ಯವಾರ ಸಭೆಯ ಮುಂದೆ ನಿಂತು, ಫೋನನ್ನು ದೂಷಿಸದೆ, ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಆ ಹುಡುಗನು ಹಿಂದಿನ ಸಾಲಿನಲ್ಲಿ ತಲೆ ಬೊಗ್ಗಿಸಿ ಕೂತಿದ್ದನು. ಆಮೇಲೆ ಬಂದು ನಮ್ಮೊಡನೆ ಪ್ರಾರ್ಥಿಸಿದನು.

ಕೂದಲು ಕೊಳ್ಳುವ ಮುದುಕಿಯು ನಾಲ್ಕು ತಿಂಗಳು ಈ ಕಡೆಗೆ ಬರಲಿಲ್ಲ. ದಸರೆಯಾದ ಮೇಲೆ ಬಂದಳು. ನಾವು ಆ ವಿಧವೆಯ ಜಗಲಿಗೆ ಹೋಗಿ, ಅಮ್ಮಾ, ಅಂದಿನ ಸುದ್ದಿಯನ್ನು ಊರಿಗೆ ತಂದವರಲ್ಲಿ ನಾವೂ ಒಬ್ಬರು, ಕ್ಷಮಿಸಬೇಕು ಎಂದೆವು. ಫೋನಿನ ಸಂಗತಿಯೆಲ್ಲಾ ಅವಳಿಗೆ ಎಷ್ಟು ತಿಳಿಯಿತೋ ನಾವರಿಯೆವು. ಸ್ವಲ್ಪ ಹೊತ್ತು ನಮ್ಮ ಮುಖವನ್ನು ನೋಡಿದಳು. ಆಮೇಲೆ ಚೀಲದ ಬಾಯಿಯನ್ನು ತಾನಾಗಿ ಬಿಚ್ಚಿ, ಒಳಗಿನದೆಲ್ಲಾ ನಮಗೆ ಕಾಣುವಂತೆ ಜಗಲಿಯ ಮೇಲೆ ಸುರುವಿದಳು. ಬೇಡವೆಂದು ನಾವು ಹೇಳುವಷ್ಟರಲ್ಲಿಯೇ ಸುರುವಿ ಆಗಿತ್ತು.