ಬಿಡುಗಡೆಯಾದವರ ವಾದ್ಯ

ಆಧಾರ ವಚನ: ವಿಮೋಚನಕಾಂಡ 15ನೆಯ ಅಧ್ಯಾಯ, 20 ಮತ್ತು 21ನೆಯ ವಚನಗಳು



ಮೇಲೆ ಹೇಳಿದ ವಚನಗಳಲ್ಲಿ ಪ್ರವಾದಿನಿಯಾದ ಮಿರ್ಯಾಮಳು ಕೈಯಲ್ಲಿ ದಮ್ಮಡಿಯನ್ನು ತೆಗೆದುಕೊಂಡದ್ದನ್ನೂ, ಸ್ತ್ರೀಯರೆಲ್ಲರೂ ದಮ್ಮಡಿಗಳನ್ನು ಹಿಡಿದು ಆಕೆಯ ಹಿಂದೆ ಹೊರಟದ್ದನ್ನೂ ಓದುತ್ತೇವೆ. ಆ ಕೈಗಳು ಎಂಥ ಕೈಗಳೆಂಬದನ್ನು ಆಲೋಚಿಸಿರಿ. ಐಗುಪ್ತ ದೇಶದಲ್ಲಿ ಫರೋಹನ ಅಧಿಕಾರಿಗಳ ಕೋಲಿಗೆ ಅಂಜಿ, ಮಣ್ಣು ಕಲಸಿ, ಇಟ್ಟಿಗೆ ಹಾಕಿ ಬಿಟ್ಟಿ ದುಡಿದ ಜನಾಂಗದ ಕೈಗಳು ಅವು. ಸಮುದ್ರವನ್ನು ದಾಟಿದ ಕೂಡಲೆ ಆ ಕೈಗಳು ವಾದ್ಯವನ್ನು ಹಿಡಿದವು; ಇನ್ನು ಮೇಲೆ ಯಾರ ಅಪ್ಪಣೆಗೂ ಒಳಗಾಗದೆ, ತಮ್ಮನ್ನು ಬಿಡಿಸಿದಾತನ ಸ್ತೋತ್ರಕ್ಕಾಗಿ ಹಿಡಿದವು.

ಹೊನ್ನವಳ್ಳಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ವಾಸಿಸುವ ನಮಗೆ ಈ ಮಾತು ದೂರದ್ದಲ್ಲ. ನಮ್ಮ ಹುಡುಗರೂ ಹುಡುಗಿಯರೂ ಕಹಳೆ, ತುತೂರಿ, ಡ್ರಮ್ಮು, ತಮಟೆಗಳನ್ನು ಸೇರಿಸಿಕೊಂಡು ಒಂದು ವಾದ್ಯಮೇಳವನ್ನು ಕಟ್ಟಬೇಕೆಂದು ಆಶಿಸುವಾಗ, ಹಿರಿಯರ ಎದೆಯಲ್ಲಿ ಒಂದು ನೋವು ಏಳುತ್ತದೆ. "ಯಾವ ತಮಟೆಯನ್ನು ನಮ್ಮ ತಂದೆಗಳು ಕೆಳಗಿಟ್ಟರೋ ಅದನ್ನೇ ಮಕ್ಕಳ ಕೊರಳಿಗೆ ತಿರಿಗಿ ಕಟ್ಟುವದೋ?" ಎಂಬದೇ ಆ ನೋವು. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಆದದರಿಂದ ಈ ವಿಷಯವನ್ನು ಮೂರು ಭಾಗವಾಗಿ ಧ್ಯಾನಿಸೋಣ.

ಒಂದನೆಯದಾಗಿ, ವಾದ್ಯವು ನಿರಪರಾಧಿ, ಬಲಾತ್ಕಾರವೇ ಅಪರಾಧಿ.

ನಮ್ಮ ಪೂರ್ವಿಕರಲ್ಲಿ ಹಲವರು ಜಾತ್ರೆಗೂ ಸಾವಿಗೂ ತಮಟೆ ಬಡಿಯಬೇಕಾಗಿತ್ತು. ಊರಲ್ಲಿ ಡಂಗುರ ಸಾರಬೇಕಾಗಿತ್ತು. ಒಲ್ಲೆನೆಂದು ಹೇಳುವ ಹಕ್ಕು ಅವರಿಗಿರಲಿಲ್ಲ. ಅವರ ವಾದ್ಯವಿಲ್ಲದೆ ದೇವರ ಮೆರವಣಿಗೆ ಹೊರಡುತ್ತಿರಲಿಲ್ಲ, ಆದರೂ ಗುಡಿಯ ಬಾಗಿಲು ಅವರಿಗೆ ಮುಚ್ಚಿತ್ತು. ಕೂಲಿ ಎಂಬದು ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಸೆರಗೊಡ್ಡಿ ಪಡೆಯುವ ಕಾಳಾಗಿತ್ತು. ಹೀಗಿರಲಾಗಿ, ಸುವಾರ್ತೆಯನ್ನು ಕೇಳಿದವರಲ್ಲಿ ಅನೇಕರು ತಮಟೆಯನ್ನು ಕೆಳಗಿಟ್ಟದ್ದು ಧೈರ್ಯದ ಕಾರ್ಯವೇ ಸರಿ. 1950ನೆಯ ಜನವರಿ 26ರಂದು ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು 17ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿ, 23ನೆಯ ಅನುಚ್ಛೇದದಲ್ಲಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. ನಮ್ಮ ಹಿರಿಯರು ಮನಸ್ಸಾಕ್ಷಿಯಿಂದ ಮಾಡಿದ್ದನ್ನು ದೇಶದ ಕಾನೂನೂ ಸರಿಯೆಂದು ಒಪ್ಪಿತು.

ಆದರೆ ಅವರು ಬಿಟ್ಟದ್ದು ಏನನ್ನು? ಚರ್ಮವನ್ನೋ, ಮರದ ಬಳೆಯನ್ನೋ, ತಾಳವನ್ನೋ? ಅಲ್ಲ; ಹುಟ್ಟಿನಿಂದ ಬಂದ ಅಪ್ಪಣೆಯನ್ನು ಬಿಟ್ಟರು. ಇಟ್ಟಿಗೆ ಹಾಕಿದ ಕೈಯನ್ನು ಮಿರ್ಯಾಮಳು ಕತ್ತರಿಸಿಹಾಕಲಿಲ್ಲ. ಆ ಕೈಗೇ ದಮ್ಮಡಿಯನ್ನು ಕೊಟ್ಟಳು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಯ ವಾದನಕ್ಕಾಗಿಯೇ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಹೊಲೆಗೇರಿಗೂ ಮಾದಿಗರ ಕೇರಿಗೂ ಅವಮಾನದ ಗುರುತಾಗಿದ್ದ ವಾದ್ಯವು ರಾಷ್ಟ್ರಪತಿಗಳ ಭವನದಲ್ಲಿ ಗೌರವ ಪಡೆಯಿತು. ವಾದ್ಯವು ಬದಲಾಗಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಯಿತು.

ಎರಡನೆಯದಾಗಿ, ಸ್ತೋತ್ರಕ್ಕೂ ಕಲಿಕೆ ಬೇಕು.

ಪೂರ್ವಕಾಲವೃತ್ತಾಂತದ ಪ್ರಥಮ ಭಾಗ, 25ನೆಯ ಅಧ್ಯಾಯವನ್ನು ಓದಿರಿ. ದಾವೀದನ ಕಾಲದಲ್ಲಿ ಆಲಯದ ಸಂಗೀತ ಸೇವೆಗೆ ತರಬೇತಿ ಹೊಂದಿದವರು 288 ಮಂದಿ. ಹನ್ನೆರಡು ಹನ್ನೆರಡು ಮಂದಿಯಂತೆ 24 ವರ್ಗಗಳು. ಅವರ ಸರದಿಗೆ ಚೀಟು ಹಾಕುವಾಗ ಹಿರಿಯನು ಕಿರಿಯನು ಎಂದಾಗಲಿ, ಗುರುವು ಶಿಷ್ಯನು ಎಂದಾಗಲಿ ಭೇದ ಮಾಡಲಿಲ್ಲವಂತೆ. ಎಂಥ ಸೊಗಸಾದ ಕ್ರಮವಿದು! ಕಲಿಯುವವನು ಕಲಿಸುವವನ ಮಗ್ಗುಲಲ್ಲೇ ನಿಂತನು.

ಹಿತ್ತಾಳೆಯ ವಾದ್ಯಮೇಳಗಳೂ ಇದೇ ರೀತಿಯಲ್ಲಿ ಬೆಳೆದವು. ಜರ್ಮನಿ ದೇಶದಲ್ಲಿ ಯೊಲ್ಲೆನ್‌ಬೆಕ್ ಎಂಬ ಹಳ್ಳಿಯ ಸಭೆಯವರು 1843ರಲ್ಲಿ ತಮ್ಮ ಯುವಕರಿಗೆ ಕಹಳೆಗಳನ್ನು ಕಲಿಸಿ ಮೇಳ ಕಟ್ಟಿದರು. ಅದರ ಮಾದರಿಯಲ್ಲಿ ಆ ದೇಶದ ಸಾವಿರಾರು ಸಭೆಗಳಲ್ಲಿ ಮೇಳಗಳೆದ್ದವು. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1878ರಲ್ಲಿ ಮನೆ ಕಟ್ಟಿಸುವ ಕಸುಬಿನ ಚಾರ್ಲ್ಸ್ ಫ್ರೈ ಎಂಬವರೂ ಅವರ ಮೂವರು ಗಂಡುಮಕ್ಕಳೂ ಬೀದಿಯಲ್ಲಿ ನಿಂತು ನುಡಿಸಿದ್ದರಿಂದ ರಕ್ಷಣಾ ಸೈನ್ಯದ ಬ್ಯಾಂಡುಗಳು ಆರಂಭವಾದವು. ದೊಡ್ಡ ವಿದ್ವಾಂಸರಿಂದಲ್ಲ, ಒಬ್ಬ ತಂದೆಯಿಂದಲೂ ಮೂವರು ಮಕ್ಕಳಿಂದಲೂ!

ಈ ವಾದ್ಯಗಳ ಗುಣವನ್ನು ನೋಡಿರಿ. ಹಿತ್ತಾಳೆಯ ಕೊಳವೆ ತಾನಾಗಿ ನುಡಿಯುವದಿಲ್ಲ. ಊದುವವನ ತುಟಿಗಳು ಅದುರಿದರೆ ಮಾತ್ರ ಸ್ವರ ಹುಟ್ಟುತ್ತದೆ. ಕಾರ್ನೆಟ್ಟಿಗೆ ಮೂರು ಒತ್ತುಗುಂಡಿಗಳುಂಟು. ಎರಡನೆಯದನ್ನು ಒತ್ತಿದರೆ ಸ್ವರವು ಅರ್ಧ ಮೆಟ್ಟಿಲು, ಮೊದಲನೆಯದಕ್ಕೆ ಒಂದು ಮೆಟ್ಟಿಲು, ಮೂರನೆಯದಕ್ಕೆ ಒಂದೂವರೆ ಮೆಟ್ಟಿಲು ಇಳಿಯುತ್ತದೆ. ಇಂಗ್ಲಿಷ್ ಮಾದರಿಯ ಮೇಳಗಳಲ್ಲಿ ಚಿಕ್ಕ ಕಾರ್ನೆಟ್ಟಿನಿಂದ ದೊಡ್ಡ ಟ್ಯೂಬಾದ ವರೆಗೆ ಗುಂಡಿಯುಳ್ಳ ವಾದ್ಯಗಳೆಲ್ಲಕ್ಕೂ ಬೆರಳಿನ ಕ್ರಮ ಒಂದೇ. ಹೀಗಾಗಿ ಒಂದನ್ನು ಕಲಿತ ಮಗುವು ಮತ್ತೊಂದನ್ನು ಬೇಗ ಹಿಡಿಯಬಲ್ಲದು; ಒಬ್ಬನು ಊರು ಬಿಟ್ಟು ಹೋದರೆ ಅವನ ಸ್ಥಳವನ್ನು ಇನ್ನೊಬ್ಬನು ತುಂಬಬಲ್ಲನು. ನಮ್ಮ ತಮಟೆಯನ್ನಾದರೋ ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಸಡಿಲವಾದ ಚರ್ಮವು ಶಾಖದಿಂದ ಬಿಗಿದುಕೊಂಡ ಮೇಲೆಯೇ ಅದರ ದನಿ ಬಯಲನ್ನು ತುಂಬುತ್ತದೆ. ಶಿಕ್ಷಣದ ಶಾಖವಿಲ್ಲದೆ ಯೌವನವೂ ಹಾಗೆಯೇ ಸಡಿಲವಲ್ಲವೋ?

ಇವು ಪರದೇಶದ ವಾದ್ಯಗಳು, ನಮ್ಮ ನಾಡಿನ ರಾಗಕ್ಕೆ ಒಗ್ಗಲಾರವು ಎಂದು ಹೇಳುವವರುಂಟು. ಮೈಸೂರು ಅರಮನೆಯಲ್ಲಿ ಮಹಾರಾಜರ ಕಾಲದಲ್ಲಿ ಇಂಗ್ಲಿಷ್ ಬ್ಯಾಂಡಿನ ಜೊತೆಗೆ ಕರ್ನಾಟಕ ಬ್ಯಾಂಡೂ ಇತ್ತು. ದಕ್ಷಿಣ ಕನ್ನಡದ ನಾಗಸ್ವರ ವಿದ್ವಾಂಸರೊಬ್ಬರ ಮಗನು ಬಾಲ್ಯದಲ್ಲಿ ಆ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ದನಿಯನ್ನು ಕೇಳಿ ಮರುಳಾದನು. ಅದನ್ನು ರಾಗಕ್ಕೆ ಒಗ್ಗಿಸಲು ಅವನಿಗೆ ಸುಮಾರು 20 ವರ್ಷಗಳು ಹಿಡಿದವು. ಆತನೇ ಲೋಕಪ್ರಸಿದ್ಧರಾಗಿ 2019ರಲ್ಲಿ ತೀರಿಕೊಂಡ ಕದ್ರಿ ಗೋಪಾಲನಾಥರು. ಒಂದು ಮೇಳದ ದನಿ ಒಂದು ಮಗುವಿನ ಕಿವಿಗೆ ಬಿದ್ದರೆ ಅದರಿಂದ ಏನು ಬೆಳೆಯುವದೆಂದು ಯಾರು ಬಲ್ಲರು?

ಇಪ್ಪತ್ತು ವರ್ಷಗಳೆಂದು ಅಧೈರ್ಯಪಡಬೇಡಿರಿ. ಕಾಯುವದು ತೆಂಗಿನ ಸೀಮೆಯ ಜನರಿಗೆ ಹೊಸದಲ್ಲ. ಸಸಿ ನೆಟ್ಟವನು ಫಲಕ್ಕಾಗಿ ಆರೇಳು ವರ್ಷ ನೀರೆರೆಯುತ್ತಾನೆ. ಬಲಿತ ಕಾಯನ್ನು ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗಿಟುಕಾಗುತ್ತದೆ. ಅಲ್ಲಾಡಿಸಿದಾಗ ಗಡಗಡನೆ ಸದ್ದಾದರೆ ಮಾತ್ರ ರೈತನು ಅದನ್ನು ಸುಲಿಯುತ್ತಾನೆ. ಕೊಬ್ಬರಿಗೇ ಇಷ್ಟು ತಾಳ್ಮೆ ತೋರಿಸುವ ನಾವು, ಮೊದಲನೆಯ ತಿಂಗಳಲ್ಲಿ ಅಪಸ್ವರ ಊದಿದ ಮಗುವನ್ನು ಗದರಿಸಿ ಓಡಿಸಬಹುದೋ?

ಮೂರನೆಯದಾಗಿ, ಪ್ರೀತಿಯಿಲ್ಲದ ಮೇಳವು ಬರೀ ಗದ್ದಲ.

ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ ಪ್ರೀತಿಯಿಲ್ಲದವನನ್ನು ಸದ್ದುಮಾಡುವ ಕಂಚಿಗೂ ತಾಳಕ್ಕೂ ಹೋಲಿಸುತ್ತಾನೆ. ಅಂಥ ಕಂಚು ನಮ್ಮಲ್ಲಿಯೂ ಇರಬಹುದು. ಮೇಳದಲ್ಲಿ ಊದುವವನಿಗಿಂತ ಸುಮ್ಮನಿರಬಲ್ಲವನು ದೊಡ್ಡವನು. ಡ್ರಮ್ಮಿನವನು ಎಂಟು ಆವರ್ತ ಎಣಿಸಿ ಒಂದು ಪೆಟ್ಟು ಹಾಕಬೇಕಾದೀತು. ಆ ಎಣಿಕೆಯಲ್ಲಿಯೇ ಅವನ ಸೇವೆಯಿದೆ. ತನ್ನ ದನಿಯೊಂದನ್ನೇ ಕೇಳಬಯಸುವವನು ಮೇಳವನ್ನು ಕೆಡಿಸುತ್ತಾನೆ, ಸಭೆಯನ್ನೂ ಕೆಡಿಸುತ್ತಾನೆ.

ಆದಕಾರಣ, ಪ್ರಿಯರೇ, ನಮ್ಮ ಹಳ್ಳಿಗಳಲ್ಲಿ ಇಂಥ ಮೇಳವು ಏಳುವದಾದರೆ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡೋಣ. ಹುಟ್ಟನ್ನು ನೋಡಿ ಕರೆದವರ ಅಂಗಳಕ್ಕೆ ಹೋಗಬಾರದು. ಸಮಾನರೆಂದು ಕರೆದವರ ಬಳಿಗೆ, ಅವರು ಯಾವ ಮತದವರಾದರೂ, ಸಂತೋಷದಿಂದ ಹೋಗಬೇಕು. ಕೂಲಿಗೆ ನುಡಿಸಿದರೆ ಮೊದಲೇ ಮಾತಾಡಿಕೊಂಡು ಎದ್ದುನಿಂತು ಕೈಗೆ ಪಡೆಯಬೇಕು. ಹೆಂಡವನ್ನು ಕೂಲಿಯಾಗಿ ಮುಟ್ಟಬಾರದು. ವಾದ್ಯಗಳು ಎಲ್ಲರ ಸೊತ್ತಾಗಿರಲಿ. ಹಣದ ಲೆಕ್ಕವನ್ನು ಎಲ್ಲರೆದುರಿಗೆ ಓದಿರಿ. ಹುಡುಗಿಯರನ್ನು ಹೊರಗಿಡಬೇಡಿರಿ, ಯಾಕಂದರೆ ಸಮುದ್ರದ ದಡದಲ್ಲಿ ದಮ್ಮಡಿ ಹಿಡಿದವರು ಸ್ತ್ರೀಯರೇ. ಬೇರೆ ಕೇರಿಯ ಮಗುವು ಕಲಿಯಲು ಬಂದರೆ ಬಾಗಿಲು ಮುಚ್ಚಬೇಡಿರಿ. ಮುಚ್ಚಿದ ಬಾಗಿಲಿನ ಹೊರಗೆ ನಿಲ್ಲುವದು ಎಂಥದೆಂದು ನಾವು ಬಲ್ಲೆವಲ್ಲಾ. ಹಿರಿಯರೇ, ತಮಟೆಯ ಪೆಟ್ಟುಗಳನ್ನು ಬಲ್ಲ ಮುದುಕರು ನಮ್ಮ ನಡುವೆ ಇನ್ನೂ ಇದ್ದರೆ, ನಾಚದೆ ಮೊಮ್ಮಕ್ಕಳಿಗೆ ಕಲಿಸಿರಿ; ಅದರ ಜೊತೆಗೆ, ಅದನ್ನು ಯಾಕೆ ಒಮ್ಮೆ ಕೆಳಗಿಟ್ಟೆವೆಂಬ ಕಥೆಯನ್ನೂ ಹೇಳಿರಿ. ಕಥೆಯಿಲ್ಲದೆ ವಾದ್ಯವನ್ನು ಕೊಟ್ಟರೆ ಹಳೆಯ ನೊಗವು ತಿರಿಗಿ ಬಂದೀತು. ವಾದ್ಯವಿಲ್ಲದೆ ಕಥೆಯನ್ನು ಮಾತ್ರ ಕೊಟ್ಟರೆ ಮಕ್ಕಳಿಗೆ ಕಹಿಯೊಂದೇ ಉಳಿದೀತು.

ಕೀರ್ತನೆಗಳ ಗ್ರಂಥದ ಕೊನೆಯ ಅಧ್ಯಾಯವು ತುತೂರಿಯನ್ನೂ ದಮ್ಮಡಿಯನ್ನೂ ತಾಳವನ್ನೂ ಒಂದೊಂದಾಗಿ ಹೆಸರಿಟ್ಟು ಕರೆದು, ಕಡೆಗೆ ಉಸಿರಿರುವ ಎಲ್ಲವನ್ನೂ ಸ್ತೋತ್ರಕ್ಕೆ ಕರೆಯುತ್ತದೆ. ಹಿತ್ತಾಳೆಯ ವಾದ್ಯಕ್ಕೆ ಬೇಕಾದದ್ದೂ ಆ ಉಸಿರೇ. ಉಸಿರನ್ನು ಕೊಟ್ಟಾತನು ನಮ್ಮ ಯುವಜನರ ಉಸಿರನ್ನು ಆಶೀರ್ವದಿಸಿ, ಅವರ ಕೈಗಳನ್ನು ಸ್ವತಂತ್ರವಾಗಿ ಕಾಪಾಡಿ, ಅವರನ್ನು ಒಂದೇ ತಾಳದಲ್ಲಿ ನಡಿಸಲಿ. ಆಮೆನ್.