ತಡೆಯಾಜ್ಞೆಯ ಅವಧಿಯಲ್ಲಿ ಹಣ ಯಾರದು?

ನ್ಯಾಯಾಲಯದ ಆವರಣದಲ್ಲಿ 'ಸ್ಟೇ ಸಿಕ್ಕಿತು' ಎಂದು ಹೇಳಿಕೊಳ್ಳುವವನ ಮುಖದಲ್ಲಿ ಸಾಲ ತೀರಿಸಿ ಬಂದವನ ನಿರಾಳಭಾವವೇ ಕಾಣುವುದುಂಟು. ಮನೆಯಲ್ಲಿ ಸಿಹಿ ಹಂಚುವುದೂ ಉಂಟು. ಆದರೆ ತೀರಿದ್ದು ಸಾಲವಲ್ಲ, ಜಪ್ತಿಯ ಭಯ ಮಾತ್ರ. ಕೆಳಗಿನ ನ್ಯಾಯಾಲಯವು ಉಭಯ ಪಕ್ಷಗಳ ಸಾಕ್ಷ್ಯವನ್ನು ಕೇಳಿ, ದಾಖಲೆಗಳನ್ನು ನೋಡಿ, ಇಷ್ಟು ಹಣ ಕೊಡತಕ್ಕದ್ದೆಂದು ಹೇಳಿದೆ. ಆ ಮಾತು ಅಳಿಸಿಹೋಗಿಲ್ಲ. ಮೇಲ್ಮನವಿಯ ತೀರ್ಮಾನವಾಗುವವರೆಗೆ ಅದನ್ನು ಬಲವಂತದಿಂದ ಜಾರಿಗೆ ತರಬಾರದೆಂದು ಮೇಲಿನ ನ್ಯಾಯಾಲಯ ಹೇಳಿದೆ, ಅಷ್ಟೇ. ಈ ನಡುವಿನ ಕಾಲದಲ್ಲಿ, ಅದು ಒಂದು ವರ್ಷವಿರಲಿ ಎಂಟು ವರ್ಷವಿರಲಿ, ಆ ಹಣ ಋಣಿಯ ಕೈಯಲ್ಲಿ ಯಾವ ಭಾವದಿಂದ ಉಳಿದಿರಬೇಕು? ಅದು ಅವನ ಸಂಪತ್ತೆ, ಪರರ ಸೊತ್ತೆ, ಅಥವಾ ಎರಡೂ ಅಲ್ಲದ ಮೂರನೆಯದೊಂದೆ? ಕಾನೂನಿಗೆ ಇದು ಪ್ರಕ್ರಿಯೆಯ ಪ್ರಶ್ನೆ. ಅಣುವ್ರತಗಳನ್ನು ಕೈಗೊಂಡ ಗೃಹಸ್ಥನಿಗೆ ವ್ರತದ ಪ್ರಶ್ನೆ.

ಈ ವಿಷಯದಲ್ಲಿ ಕಾನೂನು ಜನ ಭಾವಿಸಿರುವುದಕ್ಕಿಂತ ಹೆಚ್ಚು ಎಚ್ಚರವಾಗಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೆಯ ಆದೇಶದ 5ನೆಯ ನಿಯಮದಂತೆ, ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಯ ಅಮಲ್ಜಾರಿ ನಿಲ್ಲುವುದಿಲ್ಲ. ತಡೆ ಬೇಕಾದವನು ಸಾಕಷ್ಟು ಕಾರಣವನ್ನು ತೋರಿಸಬೇಕು. ತಡೆ ದೊರೆಯದಿದ್ದರೆ ತನಗೆ ಗಣನೀಯ ನಷ್ಟವಾಗುವುದೆಂದೂ ಅರ್ಜಿಯನ್ನು ಅನುಚಿತ ವಿಳಂಬವಿಲ್ಲದೆ ತಂದಿರುವುದಾಗಿಯೂ ಮನಗಾಣಿಸಬೇಕು. ಮುಂದೆ ಡಿಕ್ರಿಯನ್ನು ಪಾಲಿಸುವುದಕ್ಕೆ ಭದ್ರತೆಯನ್ನೂ ಕೊಡಬೇಕು. 1976ರ ತಿದ್ದುಪಡಿಯು ಹಣದ ಡಿಕ್ರಿಗಳ ವಿಷಯದಲ್ಲಿ ಇನ್ನೂ ಬಿಗಿಯಾಯಿತು. ವಿವಾದದ ಮೊತ್ತವನ್ನು ಠೇವಣಿ ಇಡದವನಿಗೆ ಅಥವಾ ಅದಕ್ಕೆ ಭದ್ರತೆ ಕೊಡದವನಿಗೆ ತಡೆ ನೀಡತಕ್ಕದ್ದಲ್ಲ ಎಂಬ ಮಾತು ಆಗ ಸೇರಿತು. ಅಪರೂಪದ ಪ್ರಕರಣಗಳಲ್ಲಿ ಈ ಷರತ್ತನ್ನು ಸಡಿಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿರುವುದು ನಿಜ. ಆದರೆ ಸಡಿಲಿಕೆ ಅಪವಾದ, ಠೇವಣಿಯೇ ವಾಡಿಕೆ.

ಇಷ್ಟಿದ್ದರೂ ಡಿಕ್ರಿ ಪಡೆದವನ ಪಾಡು ಹಿತಕರವಲ್ಲ. ಭಾರತದಲ್ಲಿ ದಾವೆದಾರನ ಕಷ್ಟಗಳು ಆರಂಭವಾಗುವುದೇ ಡಿಕ್ರಿ ಕೈಗೆ ಬಂದ ಮೇಲೆ ಎಂದು 1872ರಲ್ಲಿಯೇ ಪ್ರಿವಿ ಕೌನ್ಸಿಲ್ ಗುರುತಿಸಿತ್ತು. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ನಿರ್ದೇಶಿಸಿತು. 2025ರಲ್ಲಿ ಲೆಕ್ಕ ತರಿಸಿ ನೋಡಿದಾಗ ದೇಶದಲ್ಲಿ 8.8 ಲಕ್ಷಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು. ಆ ರಾಶಿಯೆಲ್ಲ ತಡೆಯಾಜ್ಞೆಯ ಫಲವೆನ್ನಲಾಗದು. 'ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆ ಹುಟ್ಟಿದ್ದು ಮಾತ್ರ ಸುಮ್ಮನೆ ಅಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಸೋದರಳಿಯನಿಗೆ, ಅವನ ಮಗಳ ಮದುವೆಗೆಂದು, ನಿವೃತ್ತಿಯಲ್ಲಿ ಬಂದ ಹಣದಿಂದ ನಾಲ್ಕು ಲಕ್ಷ ರೂಪಾಯಿ ಕೈಗಡ ಕೊಟ್ಟಿದ್ದಾರೆ. ಪ್ರಾಮಿಸರಿ ನೋಟು ಇದೆ. ಹಣ ಹಿಂದಿರುಗದೆ ದಾವೆಯಾಗಿ, ಡಿಕ್ರಿಯೂ ಆಗಿದೆ. ಅಳಿಯನು ಮೇಲ್ಮನವಿ ಸಲ್ಲಿಸಿ, ಮನೆಯನ್ನು ಭದ್ರತೆಯಾಗಿ ತೋರಿಸಿ ತಡೆಯಾಜ್ಞೆ ಪಡೆದಿದ್ದಾನೆ. ಇಂತಹ ಸಾಲದಲ್ಲಿ ಡಿಕ್ರಿಯ ನಂತರದ ಬಡ್ಡಿಯನ್ನು ಸಂಹಿತೆಯ 34ನೆಯ ಕಲಮು ವರ್ಷಕ್ಕೆ ಶೇಕಡಾ 6ಕ್ಕೆ ಮಿತಿಗೊಳಿಸಿದೆ. ವ್ಯಾಪಾರದ ವ್ಯವಹಾರವಾಗಿದ್ದರೆ ಹೆಚ್ಚು ಇರಬಹುದಿತ್ತು. ನಾಲ್ಕು ಲಕ್ಷಕ್ಕೆ ಅದು ವರ್ಷಕ್ಕೆ 24,000 ರೂಪಾಯಿ. ಅಷ್ಟೇ ಹಣವನ್ನು ಅಳಿಯನು ತನ್ನ ಅಂಗಡಿಗಾಗಿ ಹೊರಗಡೆ ಶೇಕಡಾ 14ರಂತೆ ತರಬೇಕಾಗಿದ್ದರೆ 56,000 ರೂಪಾಯಿ ತೆರಬೇಕಿತ್ತು. ವ್ಯತ್ಯಾಸ 32,000. ಮೇಲ್ಮನವಿ ಐದು ವರ್ಷ ನಡೆದರೆ, ಅವನು ಕೊನೆಗೆ ಸೋತರೂ, 1,60,000 ರೂಪಾಯಿ ಗೆದ್ದಂತೆಯೇ ಸರಿ. ಉಪಾಧ್ಯಾಯರಾದರೋ ಆ ಐದು ವರ್ಷಗಳಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಮುಂದೂಡಿರಬಹುದು, ಮಾಡಬೇಕೆಂದಿದ್ದ ಯಾತ್ರೆಯನ್ನು ಕೈಬಿಟ್ಟಿರಬಹುದು. ಧನವು ಮನುಷ್ಯನ ಹೊರಗೆ ಸಂಚರಿಸುವ ಪ್ರಾಣ, ಅದನ್ನು ಅಪಹರಿಸುವವನು ಪ್ರಾಣವನ್ನೇ ಅಪಹರಿಸುತ್ತಾನೆ ಎಂಬ ಭಾವವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವ್ಯಕ್ತಪಡಿಸಿದ್ದಾರೆ. ಅದು ಅತಿಶಯೋಕ್ತಿಯಲ್ಲವೆಂದು ಪಿಂಚಣಿಯಲ್ಲಿ ಬದುಕುವ ವೃದ್ಧರನ್ನು ಕಂಡವರಿಗೆ ಬೇರೆಯಾಗಿ ವಿವರಿಸಬೇಕಿಲ್ಲ.

ಹಾಗಾದರೆ ಮೇಲ್ಮನವಿ ಸಲ್ಲಿಸುವುದೇ ದೋಷವೆ? ಖಂಡಿತ ಅಲ್ಲ. ನ್ಯಾಯಾಧೀಶರೂ ಮನುಷ್ಯರು, ಒಂದು ದೃಷ್ಟಿಯಿಂದ ಕಂಡದ್ದು ಪೂರ್ಣ ಸತ್ಯವಾಗಿರಲಾರದು ಎಂಬುದನ್ನು ಅನೇಕಾಂತವನ್ನು ಬಲ್ಲವರು ಅಲ್ಲಗಳೆಯಲಾರರು. ಮೇಲ್ಮನವಿಯ ಹಕ್ಕು ಆ ಅರಿವಿನ ಮೇಲೆಯೇ ನಿಂತಿದೆ. ತಡೆಯಾಜ್ಞೆಗೂ ಅದೇ ಆಧಾರ: ಮುಂದೆ ತೀರ್ಪು ಬದಲಾದರೆ, ಆಗಿಹೋದುದನ್ನು ಸರಿಪಡಿಸಲು ಆಗದಂತಹ ಪರಿಸ್ಥಿತಿ ಉಂಟಾಗಬಾರದು. ದೋಷವಿರುವುದು ತಪ್ಪನ್ನು ತಿದ್ದಿಸಿಕೊಳ್ಳಲು ಇರುವ ಬಾಗಿಲನ್ನು ಕಾಲಹರಣಕ್ಕೆ ಬಳಸುವುದರಲ್ಲಿ. ಇವೆರಡನ್ನೂ ಹೊರಗಿನಿಂದ ನೋಡಿ ಬೇರ್ಪಡಿಸುವುದು ಕಷ್ಟ. ಋಣಿಗೆ ಮಾತ್ರ ತನ್ನೊಳಗೆ ಅದು ತಿಳಿದೇ ಇರುತ್ತದೆ. ಇಡೀ ಮೊತ್ತವನ್ನು ಇಂದೇ ನ್ಯಾಯಾಲಯದಲ್ಲಿ ಇಡಬೇಕೆಂದರೆ ಆಗಲೂ ಮೇಲ್ಮನವಿ ಹಾಕುತ್ತಿದ್ದೆನೆ ಎಂದು ಅವನು ಕೇಳಿಕೊಳ್ಳಲಿ. ತೀರ್ಪು ತಪ್ಪೆಂದು ನಿಜವಾಗಿ ನಂಬಿದವನು, ಶಕ್ತಿಯಿದ್ದರೆ, ಹೌದೆನ್ನುತ್ತಾನೆ. ಕಾಲವಷ್ಟೇ ಬೇಕಾಗಿದ್ದವನಿಗೆ ಠೇವಣಿಯ ಮಾತು ಕೇಳಿದೊಡನೆ ಮೇಲ್ಮನವಿಯಲ್ಲಿ ಆಸಕ್ತಿ ಕುಗ್ಗುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಗಳ ಅತಿಚಾರಗಳನ್ನು ಹೇಳುವಾಗ 'ನ್ಯಾಸಾಪಹಾರ' ಎಂಬುದೊಂದು ಬರುತ್ತದೆ. ನ್ಯಾಸವೆಂದರೆ ನಂಬಿ ಇರಿಸಿದ ಒಡವೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುವ ರೀತಿ ಗಮನಾರ್ಹವಾಗಿದೆ. ಒಡವೆ ಇರಿಸಿದವನು ಅದರ ಸಂಖ್ಯೆಯನ್ನು ಮರೆತು ಕಡಿಮೆ ಕೇಳುತ್ತಾನೆ. ಇರಿಸಿಕೊಂಡವನು 'ಹೌದು, ಅಷ್ಟೇ' ಎನ್ನುತ್ತಾನೆ. ಇಲ್ಲಿ ಬೀಗ ಒಡೆದುದಿಲ್ಲ, ಬಲವಂತವಿಲ್ಲ, ಕೇಳಿದುದನ್ನು ಕೊಟ್ಟಿರುವುದೂ ಹೌದು. ಇನ್ನೂ ಗಮನಿಸತಕ್ಕದ್ದೆಂದರೆ, ಸೂತ್ರಕಾರರು ಇದನ್ನು ಅಚೌರ್ಯದ ಅತಿಚಾರಗಳಲ್ಲಿ ಸೇರಿಸಲಿಲ್ಲ, ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದರು. ಪರರ ದ್ರವ್ಯ ತನ್ನಲ್ಲಿ ಉಳಿದದ್ದು ಕೈಯಿಂದಲ್ಲ, ಮಾತಿನಿಂದ.

ತಡೆಯಾಜ್ಞೆಯ ಅರ್ಜಿಯೊಡನೆ ಒಂದು ಪ್ರಮಾಣಪತ್ರವಿರುತ್ತದೆ. ಬೆರಳಚ್ಚಾಗಿ ಬಂದ ಕಾಗದಕ್ಕೆ ವಕೀಲರು ತೋರಿಸಿದ ಕಡೆ ಸಹಿ ಹಾಕುವುದು ರೂಢಿ. ಡಿಕ್ರಿ ಜಾರಿಯಾದರೆ ತನಗೆ ತುಂಬಲಾರದ ನಷ್ಟವಾಗುವುದೆಂದೂ, ಮೇಲ್ಮನವಿಯಲ್ಲಿ ತನಗೆ ಗೆಲುವು ನಿಶ್ಚಿತವೆಂದೂ ಅದರಲ್ಲಿ ಬರೆದಿರುತ್ತದೆ. ಉದಾಹರಣೆಯ ಅಳಿಯನಿಗೆ ನೋಟಿನ ಮೇಲಿನ ಸಹಿ ತನ್ನದೆಂದು ಗೊತ್ತು, ಹಣ ಮುಟ್ಟಿದ್ದೂ ಗೊತ್ತು. ಅವನು ಆ ಕಾಗದಕ್ಕೆ ಸಹಿ ಹಾಕಿದಾಗ ನಡೆಯುವುದು ಪೂಜ್ಯಪಾದರು ವರ್ಣಿಸಿದ 'ಹೌದು, ಅಷ್ಟೇ' ಎಂಬುದರ ಇನ್ನೊಂದು ರೂಪ. 'ಅದು ವಕೀಲರ ಭಾಷೆ' ಎಂಬ ಸಮಾಧಾನ ಸಾಲದು. ಪ್ರಮಾಣ ಮಾಡಿದವನು ವಕೀಲನಲ್ಲ.

ಇನ್ನು ಠೇವಣಿಯ ಮಾತು. ತಡೆಯ ಷರತ್ತಾಗಿ ನ್ಯಾಯಾಲಯದಲ್ಲಿ ಇರಿಸಿದ ಹಣ ಡಿಕ್ರಿದಾರನಿಗೆ ಸಂದಾಯವಾದಂತೆಯೇ ಎಂಬ ಪ್ರಶ್ನೆ 1968ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಅದು ಸಂದಾಯವಲ್ಲ, ಮೇಲ್ಮನವಿ ಮುಗಿಯುವವರೆಗೆ ಹಣವನ್ನು ಉಭಯರ ಕೈಗೂ ಎಟುಕದಂತೆ ಇರಿಸುವ ಕ್ರಮವಷ್ಟೇ ಎಂಬುದು ಅಲ್ಲಿ ದೊರೆತ ಉತ್ತರ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಸಿಗುವುದು ಕಷ್ಟ. ಆ ಹಣ ಋಣಿಯದೆಂದು ಅವನು ಭೋಗಿಸುವಂತಿಲ್ಲ, ಡಿಕ್ರಿದಾರನದೆಂದು ಅವನೂ ಒಯ್ಯುವಂತಿಲ್ಲ. ಅದು ಕಾಯ್ದಿರಿಸಿದ ನ್ಯಾಸ. ಠೇವಣಿ ಇಟ್ಟಾಗ ನ್ಯಾಯಾಲಯವೇ ಅದರ ಕಾವಲು. ಬರಿಯ ಜಾಮೀನಿನ ಮೇಲೆ ತಡೆ ದೊರೆತು ಹಣ ಮನೆಯಲ್ಲೇ ಉಳಿದರೆ, ಕಾವಲುಗಾರ ಋಣಿಯೇ. ಅವನು ಅದನ್ನು ತನ್ನ ಪರಿಗ್ರಹ ಪರಿಮಾಣದಲ್ಲಿ ಎಣಿಸುವಂತಿಲ್ಲ. ಅದರ ಬಲದಿಂದ ಹೊಸ ನಿವೇಶನ ಕೊಳ್ಳುವುದು, ದಾನ ಕೊಟ್ಟು ಕಲ್ಲಿನಲ್ಲಿ ಹೆಸರು ಕೆತ್ತಿಸುವುದು ನ್ಯಾಸವನ್ನು ಕರಗಿಸಿದಂತೆಯೇ. ಎರಡನೆಯದು ನಡೆಯದ ಊರು ಅಪರೂಪ.

ಇದಕ್ಕೆ ಇನ್ನೊಂದು ಮುಖವಿದೆ. ತೀರ್ಪು ನಿಜವಾಗಿಯೂ ತಪ್ಪಾಗಿದ್ದು, ಋಣಿಯ ಬಳಿ ಠೇವಣಿ ಇಡುವ ಶಕ್ತಿಯಿಲ್ಲದಿದ್ದರೆ? ಮೇಲ್ಮನವಿ ಉಳಿಯುತ್ತದೆ, ತಡೆ ಉಳಿಯುವುದಿಲ್ಲ. ಇರುವ ಒಂದೇ ಮನೆ ಹರಾಜಿಗೆ ಬರುತ್ತದೆ. ಎರಡು ವರ್ಷದ ಮೇಲೆ ಅವನು ಗೆದ್ದರೆ 144ನೆಯ ಕಲಮಿನಂತೆ ಪೂರ್ವಸ್ಥಿತಿಯನ್ನು ಕೇಳಬಹುದು. ಮನೆಯನ್ನು ಡಿಕ್ರಿದಾರನೇ ಹರಾಜಿನಲ್ಲಿ ಕೊಂಡಿದ್ದರೆ ಹಿಂದಕ್ಕೆ ಕೊಡಬೇಕಾಗುತ್ತದೆ. ಆದರೆ ವ್ಯಾಜ್ಯಕ್ಕೆ ಸಂಬಂಧವಿಲ್ಲದ ಮೂರನೆಯವನು ಪ್ರಾಮಾಣಿಕವಾಗಿ ಕೊಂಡಿದ್ದರೆ, ಡಿಕ್ರಿ ರದ್ದಾದರೂ ಅವನ ಕ್ರಯ ನಿಲ್ಲುತ್ತದೆ. 1887ರಲ್ಲಿ ಪ್ರಿವಿ ಕೌನ್ಸಿಲ್ ಹಾಕಿಕೊಟ್ಟ ದಾರಿ ಇದು. ಗೆದ್ದವನಿಗೆ ಹಣ ಸಿಗಬಹುದು, ಹುಟ್ಟಿ ಬೆಳೆದ ಮನೆ ಸಿಗದು. ಇದನ್ನು ತಿಳಿದೇ 41ನೆಯ ಆದೇಶದ 6ನೆಯ ನಿಯಮವು, ಮೇಲ್ಮನವಿ ಬಾಕಿ ಇರುವಾಗ ಋಣಿಯು ಕೇಳಿಕೊಂಡರೆ, ಸೂಕ್ತ ಷರತ್ತಿನ ಮೇಲೆ ಸ್ಥಿರಾಸ್ತಿಯ ಮಾರಾಟವನ್ನು ತಡೆಯತಕ್ಕದ್ದೆಂದು ಹೇಳುತ್ತದೆ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಕುಶಲಕರ್ಮಿಯ ಸಲಕರಣೆ, ರೈತನ ಬಿತ್ತನೆಯ ಕಾಳು ಇವುಗಳನ್ನು ಜಪ್ತಿ ಮಾಡಬಾರದೆಂದು 60ನೆಯ ಕಲಮು ವಿಧಿಸಿದೆ. ಕೊಡಲು ಗತಿಯಿಲ್ಲದವನನ್ನು ಬಡತನವೊಂದೇ ಕಾರಣವಾಗಿ ಸೆರೆಗೆ ಕಳಿಸಲಾಗದೆಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತು. ಡಿಕ್ರಿದಾರನ ಕೈಗೂ ಕಾನೂನು ಕಡಿವಾಣ ಹಾಕಿದೆ.

ಆದುದರಿಂದ ಡಿಕ್ರಿದಾರನ ಧರ್ಮವು ಕಾಯುವಿಕೆಯ ಹಾನಿಯನ್ನೂ ಕಾಯದಿರುವ ಹಾನಿಯನ್ನೂ ತೂಗಿ ನೋಡುವುದಾಗಿದೆ. ಹಣವು ತಡವಾಗಿ ಬಂದರೂ, ಕಡಿಮೆಯಾದರೂ, ಬಡ್ಡಿಯೊಡನೆ ಬರುತ್ತದೆ. ಹರಾಜಾದ ಮನೆ ಬಾರದು. ತಡೆಯಾಜ್ಞೆ ಇಲ್ಲದಿದ್ದರೂ, ಋಣಿಯು ಆಸ್ತಿಯನ್ನು ಪರಭಾರೆ ಮಾಡದೆ ಇದ್ದಾನೆಂಬ ಭರವಸೆಯಿದ್ದರೆ, ಮೇಲ್ಮನವಿ ಮುಗಿಯುವವರೆಗೆ ಹರಾಜಿಗೆ ಆತುರಪಡದಿರುವುದು ದೌರ್ಬಲ್ಯವಲ್ಲ. ಭರವಸೆಯಿಲ್ಲದಿದ್ದರೆ ಮಾತೇ ಬೇರೆ. ಆಗ ಕಾಯುವುದು ಔದಾರ್ಯವಾಗದು, ಮೋಸಕ್ಕೆ ಅವಕಾಶವಾಗುತ್ತದೆ.

ಬಸದಿಗಳ ಟ್ರಸ್ಟುಗಳು ಈ ಎರಡೂ ಪಾತ್ರಗಳಲ್ಲಿ ಬರುತ್ತವೆ. ಮಳಿಗೆಯ ಬಾಡಿಗೆ ಬಾಕಿಗೆ ಡಿಕ್ರಿ ಪಡೆದ ಟ್ರಸ್ಟಿನ ಧರ್ಮದರ್ಶಿಗೆ, ವ್ಯಕ್ತಿಯಾಗಿ ತನ್ನ ಸಾಲವನ್ನು ಬಿಟ್ಟುಕೊಡುವಂತೆ, ಅದನ್ನು ಬಿಟ್ಟುಕೊಡುವ ಅಧಿಕಾರವಿಲ್ಲ, ಹಣ ಅವನದಲ್ಲ. ಭದ್ರತೆ ಪಡೆದು ತಡೆಗೆ ಒಪ್ಪುವುದು ಮಾತ್ರ ಬಿಟ್ಟುಕೊಟ್ಟಂತಲ್ಲವಾದುದರಿಂದ, ಅಲ್ಲಿ ಅವನು ಕರುಣೆಗೆ ಜಾಗ ಮಾಡಬಹುದು. ಕಷ್ಟ ಬರುವುದು ಟ್ರಸ್ಟೇ ಋಣಿಯಾದಾಗ. ಜೀರ್ಣೋದ್ಧಾರ ಮಾಡಿದ ಗುತ್ತಿಗೆದಾರನಿಗೆ ಬಾಕಿ ಕೊಡಬೇಕೆಂದು ಡಿಕ್ರಿಯಾಗಿದೆಯೆನ್ನಬಹುದು. ಬಾಕಿ ನಿಜವೆಂದು ಸಭೆಯಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಆದರೂ ಮೇಲ್ಮನವಿ ಹಾಕಿ ತಡೆ ತರಬೇಕೆಂದು ಠರಾವು ಆಗುತ್ತದೆ. ಎರಡು ವರ್ಷದಲ್ಲಿ ಆಡಳಿತ ಮಂಡಳಿ ಬದಲಾಗುತ್ತದೆ, ಮುಂದಿನವರು ನೋಡಿಕೊಳ್ಳಲಿ ಎಂಬುದು ಬರೆಯದ ಕಾರಣ. 'ದೇವರ ಹಣವನ್ನು ಸುಮ್ಮನೆ ಕೊಡಲಾದೀತೆ' ಎಂಬ ಮಾತು ಬರೆದ ಕಾರಣ. ಆ ಬಾಕಿಯೊಳಗೆ ಕಲ್ಲು ಕೆತ್ತಿದವರ, ಗಾರೆ ಕಲಸಿದವರ ಕೂಲಿಯಿದೆ. ಕೊಡಬೇಕಾದ ಹಣ ಬಸದಿಯ ಭಂಡಾರದಲ್ಲಿ ಕುಳಿತ ಮಾತ್ರಕ್ಕೆ ದೇವರ ಹಣವಾಗುವುದಿಲ್ಲ.

ವ್ಯಾಪಾರಸ್ಥ ಮನೆಗಳಲ್ಲಿ ಭಗವಾನ್ ಮಹಾವೀರರ ನಿರ್ವಾಣದ ದಿನವಾದ ದೀಪಾವಳಿಯಂದು ಹೊಸ ಖಾತೆ ಪುಸ್ತಕ ತೆರೆಯುವ ಪದ್ಧತಿ ಉಂಟು. ಹಳೆಯ ಪುಸ್ತಕದ ಬಾಕಿಗಳನ್ನು ಅಂದು ಹೊಸದಕ್ಕೆ ಇಳಿಸುತ್ತಾರೆ. ತಡೆಯಾಜ್ಞೆ ಪಡೆದವನು ಆ ಮೊತ್ತವನ್ನು ಎಲ್ಲಿ ಬರೆಯುತ್ತಾನೆ? ಬಂಡವಾಳದಲ್ಲಿ ಸೇರಿಸಿ ಬರೆಯಲೂಬಹುದು, ಎಲ್ಲಿಯೂ ಬರೆಯದೆ ಬಿಡಲೂಬಹುದು. ನ್ಯಾಯಾಲಯ ಬಂದು ನೋಡುವುದಿಲ್ಲ. ಅಥವಾ ಡಿಕ್ರಿದಾರನ ಹೆಸರಿನಲ್ಲಿ ಒಂದು ಪುಟ ತೆರೆದು, ಅಸಲನ್ನೂ ಆ ವರ್ಷದ ಬಡ್ಡಿಯನ್ನೂ ಜಮೆಯ ಕಡೆ ಬರೆದು, ಪಕ್ಕದಲ್ಲಿ 'ಮೇಲ್ಮನವಿ ಬಾಕಿ' ಎಂದು ಗುರುತು ಹಾಕಬಹುದು.