ಒತ್ತಿದ ಮೇಲಿನ ಕತ್ತಲು

ಹಳೆಯ ಎಕ್ಸಾಕ್ಟಾ ಕ್ಯಾಮೆರಾ ಹಿಡಿದವರಿಗೆ ಮೊದಲ ದಿನವೇ ಒಂದು ಗಾಬರಿ ಕಾದಿರುತ್ತದೆ. ಬಟನ್ ಒತ್ತಿದ್ದೇ ತಡ, ವ್ಯೂಫೈಂಡರ್ ಕಪ್ಪಾಗುತ್ತದೆ, ಕಪ್ಪಾಗಿಯೇ ಉಳಿಯುತ್ತದೆ. ಕೆಟ್ಟಿತೇ ಎಂದು ಅಲ್ಲಾಡಿಸಿ ನೋಡುತ್ತೇವೆ. ಕೆಟ್ಟಿರುವುದಿಲ್ಲ. ಲೆನ್ಸಿನ ಹಿಂದಿರುವ ಕನ್ನಡಿ ಬೆಳಕಿಗೆ ದಾರಿಬಿಟ್ಟು ಮೇಲಕ್ಕೆದ್ದಿದೆ, ಅಷ್ಟೆ. ಮುಂದಿನ ಚಿತ್ರಕ್ಕೆ ಲಿವರ್ ಎಳೆಯುವ ತನಕ ಅದು ಕೆಳಗಿಳಿಯುವುದಿಲ್ಲ.

ಡ್ರೆಸ್ಡೆನ್‌ನ ಇಹಾಗೆ ಕಂಪನಿ 1936ರಲ್ಲಿ ತಂದ ಕಿನೆ ಎಕ್ಸಾಕ್ಟಾದ ವಂಶದ್ದು ನನ್ನ ವಾರೆಕ್ಸ್. ಚೋರ್ ಬಜಾರಿನಲ್ಲಿ ಸಿಕ್ಕಿತು. ಒತ್ತುವುದೂ ಎಡಗೈಯಲ್ಲಿ, ಎಳೆಯುವುದೂ ಎಡಗೈಯಲ್ಲಿ. (ಮದುವೆ ಮನೆಗೆ ಒಯ್ದರೆ ನಮ್ಮೂರ ಹಿರಿಯರು ಏನೆನ್ನುತ್ತಿದ್ದರೋ!) ಹೊಟ್ಟೆಯೊಳಗೆ ಒಂದು ಪುಟ್ಟ ಚಾಕು ಬೇರೆ: ರೋಲ್ ಮುಗಿಯುವ ಮೊದಲೇ, ತೆಗೆದಷ್ಟನ್ನು ಕತ್ತರಿಸಿಕೊಳ್ಳಲು. ಮಾಡಿದ ಕಂಪನಿ ಈಗಿಲ್ಲ. ಪೂರ್ವ ಜರ್ಮನಿ ಎಂಬ ದೇಶವೇ 1990ರಲ್ಲಿ ಇಲ್ಲವಾಯಿತು. ಘಾಟ್ಕೋಪರ್‌ನ ಪಂತ್ ನಗರದ ನನ್ನ ಕಪಾಟಿನಲ್ಲಿ ಯಂತ್ರ ಮಾತ್ರ ಇನ್ನೂ ಟಕ್ಕೆನ್ನುತ್ತಿದೆ.

ಕೂಡಿಡುವ ಹುಚ್ಚು ನನಗೂ ಇತ್ತು. ಮುಂಬಯಿಯ ದಿಲೀಶ್ ಪಾರೇಖ್ 4,425 ಕ್ಯಾಮೆರಾ ಸೇರಿಸಿ ಗಿನ್ನೆಸ್ ದಾಖಲೆಗೆ ಹೋದವರು. ನನ್ನ ನಾಲ್ಕನ್ನು ಒಂದು ಮಳೆಗಾಲ ದಾಟಿಸುವಷ್ಟರಲ್ಲೇ ನನಗೆ ಸಾಕಾಗುತ್ತದೆ. ಜೋಪಾನವಾಗಿರಲೆಂದು ಚರ್ಮದ ಕೇಸಿಗೆ ಹಾಕಿ, ಬಟ್ಟೆ ಸುತ್ತಿ ಇಟ್ಟಿದ್ದ ಪ್ರಾಕ್ಟಿಕಾದ ಲೆನ್ಸಿಗೇ ಬೂಸ್ಟು ಹಿಡಿಯಿತು, ಜೇಡರ ಬಲೆಯ ಹಾಗೆ. ಅದರ ಶಟರೂ ಕುಳಿತುಬಿಟ್ಟಿತ್ತು, ಒಳಗಿನ ಎಣ್ಣೆ ಅಂಟಾಗಿ. ದಿನಾ ಹೆಗಲಿಗೇರಿಸಿ ಲೋಕಲ್ ಟ್ರೇನಿನಲ್ಲಿ ನುಗ್ಗಾಡಿಸಿದ ಎಕ್ಸಾಕ್ಟಾಕ್ಕೆ ಏನೂ ಆಗಿರಲಿಲ್ಲ.

ಏನೂ ಎಂದರೆ ಸುಳ್ಳಾದೀತು. ಅದರ ಶಟರಿನ ಪರದೆ ರಬ್ಬರು ಹಚ್ಚಿದ ಬಟ್ಟೆ. ರಬ್ಬರು ಒಣಗಿ ಬಿರಿದು ಸೂಜಿಮೊನೆಯಷ್ಟು ತೂತಾಗಿದೆ. ಕನ್ನಡಿ ಕೆಳಗಿದ್ದಾಗ ಅದು ಕಾಡುವುದಿಲ್ಲ. ಒತ್ತಿದ ಮೇಲೆ ಲಿವರ್ ಎಳೆಯದೆ ಸುಮ್ಮನೆ ನಿಂತರೆ, ತೆರೆದ ಲೆನ್ಸಿನಿಂದ ಬಂದ ಬಿಸಿಲು ಆ ತೂತಿನಲ್ಲಿ ನುಸುಳಿ, ಆಗಷ್ಟೇ ತೆಗೆದ ಚಿತ್ರದ ಮೇಲೆ ಕೂರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಆ ತೂತಲ್ಲ, ಕತ್ತಲು. ಚಿತ್ರ ಮೂಡುವ ಆ ಅರುವತ್ತನೇ ಒಂದು ಸೆಕೆಂಡು ನನ್ನ ಕಣ್ಣಿಗೆ ಮುಚ್ಚಿರುತ್ತದೆ. ನಾನು ಕಂಡದ್ದು ಫಿಲ್ಮಿನಲ್ಲಿಲ್ಲ. ಫಿಲ್ಮಿನಲ್ಲಿರುವುದನ್ನು ನಾನು ಕಂಡಿಲ್ಲ. ಹಿಡಿದೆ ಎಂದುಕೊಂಡ ಕ್ಷಣಕ್ಕೆ ನಾನೇ ಸಾಕ್ಷಿಯಲ್ಲ. 1954ರ ಜಪಾನಿನ ಅಸಾಹಿಫ್ಲೆಕ್ಸ್‌ನಂಥವುಗಳಲ್ಲಿ ಕನ್ನಡಿ ತಾನಾಗಿ ಕೆಳಗಿಳಿಯತೊಡಗಿತು, ಕುರುಡು ರೆಪ್ಪೆ ಬಡಿದಷ್ಟಕ್ಕೆ ಇಳಿಯಿತು, ಜನ ಅದನ್ನು ಮರೆತೂಬಿಟ್ಟರು. ವಸ್ತು ಕ್ಷಣಕ್ಷಣಕ್ಕೂ ಅಳಿದು ಹುಟ್ಟುತ್ತದೆ ಎಂದ ಬೌದ್ಧರಿಗೆ ದೀಪದ ಕುಡಿ ಸಾಕಾಗಿತ್ತು. ನನ್ನಂಥ ಮಂದಬುದ್ಧಿಗೆ ಒಂದು ಕೇಜಿ ತೂಗುವ ಜರ್ಮನ್ ಲೋಹ ಬೇಕಾಯಿತು.

ಹಿಚ್‌ಕಾಕ್‌ನ 'ರಿಯರ್ ವಿಂಡೋ' ಸಿನಿಮಾದಲ್ಲಿ ನಾಯಕ ಎದುರು ಮನೆಗಳ ಕಿಟಕಿ ನೋಡುವುದು ಎಕ್ಸಾಕ್ಟಾದಲ್ಲೇ, ಮೊಳದುದ್ದದ ಲೆನ್ಸ್ ಹಾಕಿ. ನಮ್ಮಲ್ಲಿ ಅಷ್ಟು ದೂರವೆಲ್ಲಿ? ಎದುರು ಬಿಲ್ಡಿಂಗಿನ ಗುಜರಾತಿ ಕಾಕಿಯ ಒಗ್ಗರಣೆಗೆ ನಾನು ಸೀನುತ್ತೇನೆ. ಆ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಯಿತು. ಖಾಲಿ ಮಾಡುವ ದಿನ ಕಾಕಿ ಕರೆದು, "ನನ್ನ ಅಡುಗೆಮನೆಯದೊಂದು ಫೋಟೋ ತೆಗೆದುಕೊಡು" ಎಂದರು. ಪಾತ್ರೆ, ಸ್ಟೌ, ದೇವರ ಪಟ ಎಲ್ಲ ಟೆಂಪೋ ಹತ್ತಿದ್ದವು. ಕರೆಂಟಿನ ಮೀಟರ್ ಕಿತ್ತುಹೋಗಿ ನಾಲ್ಕು ದಿನವಾಗಿತ್ತು. ಮಸಿ ಹಿಡಿದ ಗೋಡೆಗೊರಗಿ ನಿಂತರು. ಒತ್ತಿದೆ, ಕತ್ತಲಾಯಿತು. ಅಷ್ಟರಲ್ಲಿ ಅವರು, ಈ ಕಟ್ಟೆಯ ಮೇಲೆ ಮೂವತ್ತು ವರ್ಷ ಹಿಟ್ಟು ಕಲಸಿದೆ ಎಂದು ಮಾತು ಶುರುಮಾಡಿದರು. ಲಿವರ್ ಎಳೆಯುವುದನ್ನು ಮರೆತು ಕೇಳುತ್ತ ನಿಂತೆ. ಕಿಟಕಿಯ ಬಿಸಿಲು ಲೆನ್ಸಿನ ಮುಖಕ್ಕೇ ಇತ್ತು.

ಎರಡು ತಿಂಗಳ ಮೇಲೆ, ಮುಲುಂಡ್‌ನ ಬಾಡಿಗೆ ಮನೆಗೆ ಪ್ರಿಂಟ್ ಒಯ್ದುಕೊಟ್ಟೆ. ಅವರ ತಲೆಯ ಮೇಲುಗಡೆ, ಕಪ್ಪು ಗೋಡೆಯಲ್ಲಿ, ಬೆಳ್ಳನೆಯದೊಂದು ಚುಕ್ಕೆ. ತಪ್ಪು ಹೇಳಿಕೊಳ್ಳಬೇಕೆಂದು ಬಾಯಿ ತೆರೆದೆ. ಕಾಕಿ ಕನ್ನಡಕ ಏರಿಸಿ, ಪ್ರಿಂಟನ್ನು ಹತ್ತಿರ ಹಿಡಿದು, ನಾಲಿಗೆ ಕಚ್ಚಿಕೊಂಡರು.

"ಅರೇ, ಲೈಟು ಆರಿಸದೇ ಬಂದುಬಿಟ್ಟೆನಲ್ಲ."